ಎಣ್ಣೆ ತಿನ್ನುವ ಹುಳಗಳಿಗೆ ಮೂರು ದಿನ ರಜೆ

ಮುಂಬಯಿಯ ಆ ವರ್ಷಗಳ ಬಗ್ಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆಯಾಸ. ಆಮೇಲೆ ಸಮುದ್ರ, ಲೋಕಲ್ಲು, ಮಿಕ್ಕಿದ್ದೆಲ್ಲ. ಮಾಟುಂಗದ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಗೆ ಬೆಳಿಗ್ಗೆ ಐದೂವರೆಗೆ ನಲ್ಲಿಯಲ್ಲಿ ನೀರು ಬರುತ್ತಿತ್ತು, ಆರೂವರೆಗೆ ನಿಂತುಹೋಗುತ್ತಿತ್ತು. ಅಷ್ಟರೊಳಗೆ ನೀರು ತುಂಬಿಸಿಟ್ಟು, ಅಡಿಗೆ ಮುಗಿಸಿ, ಯಜಮಾನರ ಡಬ್ಬಿ ಕಟ್ಟಿ, ನಾಲ್ಕು ವರ್ಷದ ಮಗಳನ್ನು ಪಕ್ಕದ ಮನೆಯ ತಮಿಳು ಅಜ್ಜಿಯ ಹತ್ತಿರ ಬಿಟ್ಟು ಸ್ಟೇಷನ್ನಿಗೆ ಓಡಬೇಕು. ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ ನಿದ್ದೆ ಮಾಡುವುದನ್ನು ನಾನು ಕಲಿತದ್ದು ಆಗ. ಮೈಸೂರಿನಲ್ಲಿ ಎಂ.ಎಸ್ಸಿ. ಓದಿ, ಮದುವೆಯಾಗಿ ಬಂದವಳಿಗೆ ಆ ಊರು ಕಲಿಸಿದ ಮೊದಲ ವಿದ್ಯೆ ಅದು. ಇಷ್ಟು ವರ್ಷವಾದರೂ ಮರೆತಿಲ್ಲ.

ನಾನು ಹೋಗುತ್ತಿದ್ದದ್ದು ಜೋಗೇಶ್ವರಿಯ ಕಡೆಗಿದ್ದ ಒಂದು ಕಾಲೇಜಿನ ಲ್ಯಾಬಿಗೆ. ಎಪ್ಪತ್ತರ ದಶಕದ ನಡುಭಾಗ ಅದು. ಸಮುದ್ರಕ್ಕೆ ಚೆಲ್ಲಿದ ಎಣ್ಣೆಯನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾಗಳ ಮೇಲೆ ನನ್ನ ಪಿಎಚ್.ಡಿ. ಕೆಲಸ ನಡೆಯುತ್ತಿತ್ತು. ಇದನ್ನು ಮನೆಯವರಿಗೆ ಅರ್ಥ ಮಾಡಿಸುವುದು ಪಿಎಚ್.ಡಿ.ಗಿಂತ ಕಷ್ಟವಾಗಿತ್ತು. ಅತ್ತೆಯವರು ಮೈಸೂರಿನಿಂದ ಬರೆಯುವ ಕಾಗದದಲ್ಲೆಲ್ಲ, "ಅವಳು ಇನ್ನೂ ಜಿಡ್ಡು ತೊಳೆಯೋ ಕೆಲಸಕ್ಕೇ ಹೋಗ್ತಾಳೇನಪ್ಪಾ?" ಎಂದು ಮಗನನ್ನು ಕೇಳುತ್ತಿದ್ದರು. ಯಜಮಾನರು ಅದನ್ನು ನನಗೆ ಗಟ್ಟಿಯಾಗಿ ಓದಿ ಹೇಳಿ ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೆ ಅತ್ತೆ ಹೇಳಿದ್ದರಲ್ಲಿ ಅಂಥ ತಪ್ಪೇನೂ ಇರಲಿಲ್ಲ. ಸಂಜೆ ಮನೆಗೆ ಬಂದಾಗ ನನ್ನ ಉಗುರಿನ ಸಂದಿಯಲ್ಲಿ ಜಿಡ್ಡೇ ಇರುತ್ತಿತ್ತು.

ಆಗ ಭಾನುವಾರ ಸಮುದ್ರದ ದಂಡೆಗೆ ಹೋದವರು ಅಂಗಾಲಿಗೆ ಡಾಂಬರು ಮೆತ್ತಿಸಿಕೊಂಡೇ ವಾಪಸು ಬರುತ್ತಿದ್ದರು. ನಮ್ಮ ಬಾಗಿಲ ಹಿಂದೆ ಇದಕ್ಕೆಂದೇ ಒಂದು ಹಳೇ ಬನಿಯನ್ನಿನ ಚೂರು, ಒಂದು ಸೀಸೆ ಸೀಮೆಎಣ್ಣೆ ಇಟ್ಟಿದ್ದೆ. ಮಗಳ ಪುಟ್ಟ ಕಾಲನ್ನು ಮಡಿಲಲ್ಲಿಟ್ಟುಕೊಂಡು ಉಜ್ಜಿದಷ್ಟೂ ಕಪ್ಪು ಬರುತ್ತಿತ್ತು. ಹಡಗಿನವರು ಬಂದರಿಗೆ ಬರುವ ಮುಂಚೆ ನಡುನೀರಿನಲ್ಲಿ ಟ್ಯಾಂಕು ತೊಳೆದು ಕೊಳಕೆಣ್ಣೆಯನ್ನು ಹಾಗೇ ಚೆಲ್ಲುತ್ತಾರೆ, ಮಳೆಗಾಲದ ಗಾಳಿ ಅದನ್ನು ಉಂಡೆ ಕಟ್ಟಿ ದಡಕ್ಕೆ ತಂದು ಹಾಕುತ್ತದೆ ಎಂದು ನಮ್ಮ ಪ್ರೊಫೆಸರರು ವಿವರಿಸಿದ್ದರು. ವರ್ಸೋವಾ ದಂಡೆಯ ಮೀನುಗಾರ ಹೆಂಗಸರಿಗೆ ಯಾರ ವಿವರಣೆಯೂ ಬೇಕಿರಲಿಲ್ಲ. ಬಲೆಗೆ ಮೆತ್ತಿದ ಡಾಂಬರನ್ನು ಅವರು ಕುಡುಗೋಲಿನಿಂದ ಕೆರೆಯುತ್ತಾ, ಯಾರನ್ನು ಬೈಯಬೇಕೋ ತಿಳಿಯದೆ, ಲ್ಯಾಬಿನಿಂದ ಹೋದ ನಮ್ಮನ್ನೇ ಬೈಯುತ್ತಿದ್ದರು.

ಪ್ರೊಫೆಸರರ ಲೆಕ್ಕಾಚಾರ ಸರಳವಾಗಿತ್ತು. ದೋಣಿಗಳು ನಿಲ್ಲುವ ಕಡೆ ವರ್ಷಗಟ್ಟಲೆ ಎಂಜಿನ್ ಎಣ್ಣೆ ಸೋರಿ ಕೆಸರಿಗೆ ಸೇರಿರುತ್ತದೆ. ಆ ಕೆಸರಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಎಣ್ಣೆ ತಿಂದು ಬದುಕಲು ಕಲಿತಿರಲೇಬೇಕು. ಅವನ್ನು ಹಿಡಿದು ತಂದು, ಸಾಕಿ, ಹೆಚ್ಚಿಸಿ, ಎಣ್ಣೆ ಚೆಲ್ಲಿದ ನೀರಿಗೆ ಬಿಟ್ಟರೆ? ಕೇಳುವುದಕ್ಕೆ ಚೆನ್ನಾಗಿತ್ತು. ಕೆಸರು ತರುವವಳು ನಾನು. ಮೊಳಕಾಲುದ್ದ ಕೊಚ್ಚೆಯಲ್ಲಿ ಸೀರೆ ಎತ್ತಿಕಟ್ಟಿ ಇಳಿದು, ಸೀಸೆಗಳಲ್ಲಿ ತುಂಬಿಕೊಂಡು, ಮೀನಿನ ವಾಸನೆ ಡೀಸೆಲ್ ವಾಸನೆ ಎರಡನ್ನೂ ಮೈಗಂಟಿಸಿಕೊಂಡು ಲೋಕಲ್ಲು ಹತ್ತಿದರೆ ನನ್ನ ಸುತ್ತ ತಾನಾಗಿ ಜಾಗವಾಗುತ್ತಿತ್ತು. ಕೂರಲು ಸೀಟು ಸಿಗುತ್ತಿದ್ದದ್ದು ಆ ದಿನಗಳಲ್ಲಿ ಮಾತ್ರ.

ಆ ಕೊಚ್ಚೆಯಲ್ಲಿ ನನ್ನ ಜೊತೆ ಇಳಿಯುತ್ತಿದ್ದವರು ನಮ್ಮ ಲ್ಯಾಬಿನ ಹಮಾಲರು. ಸೀಸೆ ತೊಳೆಯುವುದು, ಸ್ಟೋವ್ ಹಚ್ಚುವುದು, ಹೊರುವುದು, ಗುಡಿಸುವುದು ಎಲ್ಲ ಮಾಡುವವರಿಗೆ ಅಲ್ಲಿ ಹಮಾಲ ಎಂಬ ಹೆಸರು. ಕಾಲೇಜಿನ ಮರಾಠಿ ರೂಢಿಯಂತೆ ಎಲ್ಲರೂ ಅವರನ್ನು ಮಾಮಾ ಎಂದು ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು. ಬಾಗಲಕೋಟೆಯ ಕಡೆಯವರು. ನಾನು ಕನ್ನಡದವಳೆಂದು ಗೊತ್ತಾದ ದಿನ ಅವರ ಮುಖ ಅರಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಅಕ್ಕಾರ, ಎಂಟು ವರ್ಷ ಆತ್ರಿ, ಈ ಕಟ್ಟಡದಾಗ ನಾ ಕನ್ನಡ ಮಾತಾಡಿಲ್ಲ" ಎಂದಿದ್ದರು. ನನ್ನ ಮೈಸೂರಿನ ಕನ್ನಡ ಅವರಿಗೆ ನಗೆಯ ವಸ್ತು. "ನೀವು ಮಾತಾಡೂದು ರೇಡಿಯೋದಾಗ ವಾರ್ತೆ ಓದಿದಂಗ ಇರ್ತೈತ್ರಿ" ಎಂದು ಕಾಡುತ್ತಿದ್ದರು.

ಆ ಎಂಟು ವರ್ಷವೂ ಮಾಮಾ ಟೆಂಪರರಿ. ಇದೇ ಅವರ ಬದುಕಿನ ಗಂಟು. ಪರ್ಮನೆಂಟ್ ಆದವರಿಗೆ ಕಾಲೇಜಿನ ಹಿಂದಿನ ಸಾಲಿನಲ್ಲಿ ಒಂದು ಖೋಲಿ ಸಿಗುತ್ತಿತ್ತು. ಒಂದೇ ಕೋಣೆ, ಹೊರಗೆ ನಲ್ಲಿ. ಮಾಮಾ ಇದ್ದದ್ದು ತಮ್ಮ ಕಡೆಯ ಕಟ್ಟಡ ಕೂಲಿಗಳ ಜೊತೆ, ಒಂದೇ ಖೋಲಿಯಲ್ಲಿ ಹನ್ನೊಂದು ಜನ, ಪಾಳಿಯ ಮೇಲೆ ಮಲಗುವುದು. ಹೆಂಡತಿ, ಮಗಳು ಊರಲ್ಲಿ. ಖೋಲಿ ಸಿಕ್ಕಿದ ದಿನ ಅವರನ್ನು ಕರೆತರುವುದೆಂದು ಎಂಟು ವರ್ಷದಿಂದ ಹೇಳುತ್ತಿದ್ದರು. ಖಾಲಿ ಬಿದ್ದಿದ್ದ ಮೂರನೇ ಖೋಲಿಯ ಕಿಟಕಿಯೊಳಗೆ ಆಗಾಗ ಇಣುಕಿ ನೋಡಿ ಬರುವುದನ್ನು ನಾನೇ ಕಂಡಿದ್ದೆ. "ಒಲಿ ಯಾವ ಮೂಲ್ಯಾಗ ಇಡೂದು ಅಂತ ನೋಡಾಕ ಹೋಗಿದ್ನಿರಿ" ಎನ್ನುತ್ತಿದ್ದರು.

ನಮ್ಮ ಬ್ಯಾಕ್ಟೀರಿಯಾಗಳಿಗೆ ಉಸಿರಾಡಲು ಗಾಳಿ ಬೇಕು. ಫ್ಲಾಸ್ಕಿನಲ್ಲಿ ಸಮುದ್ರದ ನೀರು, ಅದರ ಮೇಲೆ ಒಂದು ಪದರ ಕಚ್ಚಾ ಎಣ್ಣೆ, ಒಂದು ಚಿಟಿಕೆ ರಸಗೊಬ್ಬರದಂಥ ಉಪ್ಪು ಹಾಕಿ, ಕೆಸರಿನಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಾ ಬಿಟ್ಟು, ಹಗಲೂ ರಾತ್ರಿ ಕುಲುಕಿಸುತ್ತಿರಬೇಕು. ಕುಲುಕಿಸುವ ವಿದೇಶಿ ಯಂತ್ರ ತರಿಸಲು ಲೈಸೆನ್ಸ್ ಸಿಗಲಿಲ್ಲ. ಜೋಗೇಶ್ವರಿಯ ಒಂದು ಸಣ್ಣ ವರ್ಕ್‌ಶಾಪಿನವನು ಹೊಲಿಗೆ ಯಂತ್ರದ ಮೋಟಾರು, ಸೈಕಲ್ಲಿನ ಚೈನು, ಒಂದು ದಪ್ಪ ಹಲಗೆ ಸೇರಿಸಿ ನಮಗೊಂದು ಮಾಡಿಕೊಟ್ಟ. ಹಲಗೆಯ ಮೇಲೆ ಹನ್ನೆರಡು ಫ್ಲಾಸ್ಕು ಕೂರುತ್ತಿದ್ದವು. ಅದರ ಗಡಗಡ ಸದ್ದು ಕೆಳಗಿನ ಮಹಡಿಯ ಕ್ಲಾಸಿನವರೆಗೂ ಕೇಳುತ್ತಿತ್ತು. ಚೈನು ಕಳಚಿದರೆ ಹಾಕುವುದು, ಸ್ಕ್ರೂ ಬಿಗಿಮಾಡುವುದು, ಮೋಟಾರು ಬಿಸಿಯಾದರೆ ಒದ್ದೆ ಬಟ್ಟೆ ಸುತ್ತುವುದು, ಎಲ್ಲವೂ ಮಾಮಾರ ಕೆಲಸ. ಆ ಯಂತ್ರ ನಡೆಯುತ್ತಿದ್ದದ್ದು ಅವರ ಕೈಗುಣದಿಂದ.

ಬ್ಯಾಕ್ಟೀರಿಯಾಗಳನ್ನು ಮಾಮಾ ಹುಳ ಎನ್ನುತ್ತಿದ್ದರು. ಹೊಸ ಫ್ಲಾಸ್ಕಿಗೆ ಎಣ್ಣೆ ಹಾಕಿ ಬಂದು, "ಮೇವು ಹಾಕೀನ್ರಿ ಅಕ್ಕಾರ" ಎಂದು ವರದಿ ಕೊಡುತ್ತಿದ್ದರು. ಒಮ್ಮೆ ಅವರಿಗೆ ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ಬಹಳ ಹೊತ್ತು ಒಂದೇ ಕಣ್ಣಲ್ಲಿ ನೋಡಿ, ಎದ್ದು, "ಇವ್ಕೂ ಜೀವ ಐತಿ" ಎಂದಷ್ಟೇ ಹೇಳಿದರು. ಅಲ್ಲಿಂದ ಮುಂದೆ ಫ್ಲಾಸ್ಕು ತೊಳೆಯುವ ಮುಂಚೆ ಒಂದು ಕ್ಷಣ ತಡೆದು ನಿಲ್ಲುತ್ತಿದ್ದರು. ಕುದಿನೀರು ಹುಯ್ಯುವಾಗ ಬಾಯಲ್ಲಿ ಏನೋ ಗೊಣಗುತ್ತಿದ್ದರು. ನಾನು ತಮಾಷೆ ಮಾಡಿದರೆ ನಗುತ್ತಿದ್ದರು, ಆದರೆ ಗೊಣಗುವುದನ್ನು ಬಿಡಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಕೊನೆಗೂ ಫಲ ಕಾಣಿಸಿತು. ಮೂರು ವಾರ ಕುಲುಕಿದ ಫ್ಲಾಸ್ಕುಗಳಲ್ಲಿ ಎಣ್ಣೆಯ ಪದರ ಒಡೆದು ನೀರಿಗೆ ಬೆರೆತು, ಹಾಲು ಹಾಕಿದ ಚಹಾದ ಬಣ್ಣ ಬಂದಿತ್ತು. ಇನ್ನೊಂದು ವಾರ ಹೀಗೇ ನಡೆದರೆ ತೋರಿಸುವಂತಾಗುತ್ತದೆ ಎಂದು ಪ್ರೊಫೆಸರರು ಬಂದರಿನ ಕಡೆಯ ಅಧಿಕಾರಿಗಳನ್ನು ಕರೆದರು. ದಸರೆ ಕಳೆದ ಬುಧವಾರಕ್ಕೆ ನಿಗದಿಯಾಯಿತು. ಅವರು ಒಪ್ಪಿದರೆ ಕೆಲಸಕ್ಕೆ ಹಣ, ಜನ, ಯಂತ್ರ ಎಲ್ಲ ಬರುತ್ತದೆ. "ಆ ಬುಧವಾರ ಮುಗಿಯಲಿ, ನಿನ್ನ ಪರ್ಮನೆಂಟ್ ಕಾಗದಕ್ಕೆ ಸಹಿ ಹಾಕಿಸ್ತೀನಿ" ಎಂದು ಪ್ರೊಫೆಸರರು ಮಾಮಾರಿಗೆ ನನ್ನೆದುರಿಗೇ ಮರಾಠಿಯಲ್ಲಿ ಮಾತು ಕೊಟ್ಟರು. ಅವತ್ತು ಮಾಮಾ ಊರಿಗೆ ಕಾಗದ ಬರೆಸಿದರು. ಬರೆದವಳು ನಾನೇ. ಮಗಳನ್ನು ಶಾಲೆಯಿಂದ ಬಿಡಿಸಬೇಡಿ, ಇಲ್ಲೂ ಕನ್ನಡ ಶಾಲೆ ಇದೆಯಂತೆ ಎಂದು ಬರೆಸಿದ್ದರು.

ಮಹಾನವಮಿ ಶುಕ್ರವಾರ ಬಿದ್ದಿತ್ತು. ಶನಿವಾರ ದಸರಾ ರಜೆ, ಆಮೇಲೆ ಭಾನುವಾರ. ಗುರುವಾರ ಸಂಜೆ ನಾನು ಚೀಲ ಹೆಗಲಿಗೇರಿಸಿ ಹೊರಟಿದ್ದಾಗ ಮಾಮಾ ಕೈ ಒರೆಸಿಕೊಳ್ಳುತ್ತಾ ಬಂದರು.

"ಅಕ್ಕಾರ, ನಾಳಿ ಖಂಡೇ ಪೂಜಿ ಐತ್ರಿ. ಮಶೀನಿಗೂ ಪೂಜಿ ಮಾಡೂಣೇನ್ರಿ?"

ನಾವು ಆಯುಧ ಪೂಜೆ ಎನ್ನುವುದಕ್ಕೆ ಅವರ ಕಡೆ ಖಂಡೇ ಪೂಜೆ. "ಮಾಡೋಣ ಮಾಮಾ" ಎಂದೆ.

ಶುಕ್ರವಾರ ಮಧ್ಯಾಹ್ನ ಪ್ರೊಫೆಸರರು ಬೇಗ ಹೊರಟುಹೋದ ಮೇಲೆ ಪೂಜೆ ನಡೆಯಿತು. ಮಾಮಾ ಹಲಗೆ, ಚೈನು, ಮೋಟಾರು ಎಲ್ಲ ಒರೆಸಿ ವಿಭೂತಿ ಎಳೆದು, ಚೆಂಡುಹೂವಿನ ಸರ ಹಾಕಿ, ಹನ್ನೆರಡು ಫ್ಲಾಸ್ಕಿಗೂ ಹೊರಗಡೆ ಒಂದೊಂದು ಕುಂಕುಮದ ಬೊಟ್ಟಿಟ್ಟರು. ಮೈಸೂರಿನ ನಮ್ಮ ಮನೆಯಲ್ಲಿ ಆ ದಿನ ಪುಸ್ತಕಗಳನ್ನು ಪೂಜೆಗಿಟ್ಟರೆ ವಿಜಯದಶಮಿಯವರೆಗೆ ಯಾರೂ ಮುಟ್ಟುವ ಹಾಗಿರಲಿಲ್ಲ. ಚಿಕ್ಕಂದಿನಲ್ಲಿ ನಮಗೆ ಅದಕ್ಕಿಂತ ದೊಡ್ಡ ಹಬ್ಬವೇ ಇಲ್ಲ. ಆ ನೆನಪಿಗೆ ನಾನೂ ನನ್ನ ಲ್ಯಾಬಿನ ನೋಟ್ ಪುಸ್ತಕವನ್ನು ಯಂತ್ರದ ಮುಂದಿಟ್ಟು, ನನ್ನ ಕೈಯಾರೆ ಕುಂಕುಮ ಹಚ್ಚಿದೆ. ಮಾಮಾ ಕಾಯಿ ಒಡೆದರು.

ಆಮೇಲೆ ಅವರು ಸ್ವಿಚ್ಚಿನ ಹತ್ತಿರ ಹೋಗಿ ನಿಂತು ಕೇಳಿದರು: "ಪೂಜಿ ಆದ ಮ್ಯಾಲೆ ಆಯುಧಾ ನಡಸಬಾರದ್ರಿ ಅಕ್ಕಾರ. ಬನ್ನಿ ಮುಡಿಯೂತನಕ ವಿಶ್ರಾಂತಿ ಕೊಡಬೇಕಾಕೈತಿ. ಬಂದ್ ಮಾಡ್ಲೇನ್ರಿ? ನಾಳಿ ಮುಂಜಾನೆ ಬಂದು ನಾನ ಚಾಲೂ ಮಾಡ್ತೀನಿ. ಏನೂ ಆಗೂದಿಲ್ಲಲ್ರಿ ಹುಳಕ್ಕ?"

ಅವರಿಗೆ ಅನುಮಾನವಿತ್ತು. ಅದಕ್ಕೇ ನನ್ನನ್ನು ಕೇಳಿದ್ದು. ಓದಿದವಳು ನಾನು. ಕುಲುಕುವುದು ನಿಂತರೆ ಗಾಳಿ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಮನೆಯಲ್ಲಿ ಗೊಂಬೆ ಕೂರಿಸಿದ್ದೆ, ಸಂಜೆಗೆ ಬಿಲ್ಡಿಂಗಿನ ಹೆಂಗಸರನ್ನು ಅರಿಸಿನ ಕುಂಕುಮಕ್ಕೆ ಕರೆದಿದ್ದೆ, ಕಡಲೆಬೇಳೆ ನೆನೆಸಿಟ್ಟು ಬಂದಿದ್ದೆ, ಒಂಬತ್ತು ದಿನದಿಂದ ಸರಿಯಾಗಿ ನಿದ್ದೆಯಿರಲಿಲ್ಲ. ನಾಲ್ಕೂ ಹತ್ತರ ಲೋಕಲ್ಲು ತಪ್ಪಿದರೆ ಮುಂದಿನದರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಒಂದು ರಾತ್ರಿಯ ಮಾತು ತಾನೇ ಎಂದುಕೊಂಡೆ. "ಬಂದ್ ಮಾಡಿ ಮಾಮಾ, ನಿಮ್ಮ ಪದ್ಧತಿ ಹೇಗಿದೆಯೋ ಹಾಗೆ ಮಾಡಿ" ಎಂದು ಹೇಳಿ ಮೆಟ್ಟಿಲಿಳಿದೆ. ಆರು ತಿಂಗಳಲ್ಲಿ ಮೊದಲ ಸಲ ಆ ಗಡಗಡ ನಿಂತಿತು. ನಿಂತದ್ದು ಕಿವಿಗೆ ಹಿತವೆನ್ನಿಸಿತು.

ಶನಿವಾರ ಬೆಳಿಗ್ಗೆ ಮಾಮಾ ಬನ್ನಿ ಎಲೆ ಹಿಡಿದುಕೊಂಡು ಬಂದಿದ್ದರಂತೆ. ಗೇಟಿಗೆ ಬೀಗ. ರಜೆಯ ದಿನ ಯಂತ್ರ ತನ್ನ ಪಾಡಿಗೆ ತಾನು ನಡೆಯುತ್ತಿದ್ದರಿಂದ ಯಾರೂ ಬರುವ ಪದ್ಧತಿಯೇ ಇರಲಿಲ್ಲ. ವಾಚ್‌ಮನ್ ಹಬ್ಬಕ್ಕೆ ಹೋಗಿದ್ದ. ಮಧ್ಯಾಹ್ನದವರೆಗೆ ಕಾದು, ಭಾನುವಾರ ಮತ್ತೆ ಬಂದು ಮತ್ತೆ ಕಾದರಂತೆ. ನಮ್ಮ ಮನೆ ಮಾಟುಂಗದಲ್ಲಿ ಎಲ್ಲಿ ಎಂದು ಅವರಿಗೆ ಗೊತ್ತಿರಲಿಲ್ಲ. ನಾನು ಆ ಎರಡು ದಿನ ನಿದ್ದೆ ಮಾಡಿದೆ. ಹೋಳಿಗೆ ತಿಂದೆ, ಗೊಂಬೆ ಎತ್ತಿಟ್ಟೆ, ಮತ್ತೆ ನಿದ್ದೆ ಮಾಡಿದೆ. ಯಂತ್ರದ ನೆನಪು ಒಮ್ಮೆ ಬಂದಿತ್ತು, ಮಗ್ಗುಲು ಬದಲಿಸಿದೆ.

ಸೋಮವಾರ ನಾನು ಮೆಟ್ಟಿಲು ಹತ್ತುವಾಗ ಗಡಗಡ ಕೇಳಿಸಿತು, ಮನಸ್ಸಿಗೆ ನಿರಾಳವಾಯಿತು. ಒಳಗೆ ಹೋದರೆ ಪ್ರೊಫೆಸರರು ನಿಂತಿದ್ದರು. ಅವರು ಅಷ್ಟು ಬೇಗ ಬರುವವರೇ ಅಲ್ಲ, ಬುಧವಾರದ ತಯಾರಿಗೆಂದು ಬಂದಿದ್ದರು. ಯಂತ್ರವನ್ನು ಮಾಮಾ ಆಗಷ್ಟೇ ಚಾಲೂ ಮಾಡಿದ್ದರು. ಫ್ಲಾಸ್ಕುಗಳಲ್ಲಿ ಎಣ್ಣೆ ಮತ್ತೆ ಕೂಡಿಕೊಂಡು ಮೇಲೆ ತೇಲುತ್ತಿತ್ತು, ಕೆಳಗಿನ ನೀರು ಮಂಕಾಗಿತ್ತು, ಹತ್ತಿಯ ಬಿರಡೆ ತೆಗೆದರೆ ಕೊಳೆತ ವಾಸನೆ. ಮೈಕ್ರೋಸ್ಕೋಪಿನಲ್ಲಿ ಅಲುಗುವುದು ಒಂದೂ ಕಾಣಿಸಲಿಲ್ಲ.

"ಮಶೀನ್ ಕುಣೀ ಬಂದ್ ಕೇಲಂ?" ಎಂದು ಪ್ರೊಫೆಸರರು ಗುಡುಗಿದರು. ಯಾರು ನಿಲ್ಲಿಸಿದ್ದು?

"ಮೈನೇ ಕಿಯಾ ಸಾಬ್. ಪೂಜಾ ಕೇ ಲಿಯೇ" ಎಂದರು ಮಾಮಾ, ಪೂಜೆಗೆಂದು ನಾನೇ ನಿಲ್ಲಿಸಿದೆ ಎಂದು. ಯಾರನ್ನು ಕೇಳಿ ನಿಲ್ಲಿಸಿದೆ ಎಂದು ಪ್ರೊಫೆಸರರು ಮತ್ತೆ ಕೇಳಿದರು. ಮಾಮಾ ನೆಲ ನೋಡುತ್ತಾ ನಿಂತರು. ನನ್ನ ಕಡೆ ತಿರುಗಲೂ ಇಲ್ಲ.

ಪ್ರೊಫೆಸರರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು, ನಿನಗಿದು ಗೊತ್ತಿತ್ತೇ ಎಂದು.

ಡಿಸೆಂಬರಿನಲ್ಲಿ ನನ್ನ ಫೆಲೋಶಿಪ್ ಮುಂದುವರಿಸಬೇಕೋ ಬೇಡವೋ ಎಂದು ಬರೆಯುವವರು ಅವರೇ. ಮದುವೆಯಾದ ಹೆಂಗಸರಿಗೆ ಸಂಶೋಧನೆ ಹೊತ್ತು ಕಳೆಯುವ ಕೆಲಸ ಎಂದು ಅವರು ಹಿಂದೆ ಒಂದೆರಡು ಸಲ ಅಂದದ್ದೂ ಇತ್ತು. ಇವೆಲ್ಲ ನಾನು ಆಮೇಲೆ ಹುಡುಕಿಕೊಂಡ ಕಾರಣಗಳು. ಆ ಕ್ಷಣಕ್ಕೆ ನನಗೆ ಬರೀ ಹೆದರಿಕೆಯಾಯಿತು. "ನೋ ಸರ್" ಎಂದೆ.

ಅಷ್ಟು ಇಂಗ್ಲಿಷು ಮಾಮಾರಿಗೂ ಗೊತ್ತಿತ್ತು. ನನ್ನ ಕಣ್ಣು ತಪ್ಪಿಸಿಕೊಂಡು ಮೇಜಿನ ಮೇಲೆ ಬಿತ್ತು. ಯಂತ್ರದ ಮುಂದಿಟ್ಟಿದ್ದ ನನ್ನ ನೋಟ್ ಪುಸ್ತಕ ಎಂದಿನಂತೆ ಅಲ್ಲಿತ್ತು. ರಟ್ಟಿನ ಮೇಲಿನ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆದಿದ್ದರು, ಪಸೆ ಇನ್ನೂ ಆರಿರಲಿಲ್ಲ. ನಾನು ಬರುವ ಮುಂಚೆ, ಪ್ರೊಫೆಸರರು ಬರುವುದಕ್ಕೂ ಮುಂಚೆ, ಮಾಮಾ ಅದನ್ನು ಒರೆಸಿಟ್ಟಿದ್ದರು.

ಟೆಂಪರರಿ ಆದವನನ್ನು ತೆಗೆಯಲು ಕಾಗದವೂ ಬೇಕಿಲ್ಲ. ನಾಳೆಯಿಂದ ಬರಬೇಡ ಎಂದರು, ಮುಗಿಯಿತು. ಬುಧವಾರದ ಕಾರ್ಯಕ್ರಮ ರದ್ದಾಯಿತು. ಫ್ಲಾಸ್ಕುಗಳನ್ನೆಲ್ಲ ಬಿಸಾಡಿ ಮೊದಲಿನಿಂದ ಶುರುಮಾಡು ಎಂದು ನನಗೆ ಅಪ್ಪಣೆಯಾಯಿತು. ನಾನು ನೋಟ್ ಪುಸ್ತಕ ತೆರೆದು ತಲೆ ತಗ್ಗಿಸಿ ಕೂತೆ. ಮಾಮಾ ಲ್ಯಾಬಿನಿಂದ ಯಾವಾಗ ಹೊರಗೆ ಹೋದರೋ ನೋಡಲಿಲ್ಲ.

ಫ್ಲಾಸ್ಕುಗಳನ್ನು ನಾನು ಬಿಸಾಡಲಿಲ್ಲ. ಯಾವ ದೂರದೃಷ್ಟಿಯಿಂದಲೂ ಅಲ್ಲ. ತೊಳೆಯುವವರು ಇರಲಿಲ್ಲ, ನನಗೆ ಕೈ ಬರಲಿಲ್ಲ, ಅಷ್ಟೇ. ಹನ್ನೆರಡನ್ನೂ ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟು ಅವುಗಳ ಕಡೆ ನೋಡದೆ ಬೇರೆ ಕೆಲಸ ಮಾಡುತ್ತಿದ್ದೆ. ಮೂರು ವಾರ ಕಳೆದ ಮೇಲೆ ಹೊಸ ಹಮಾಲ ಬಂದ. ತೊಳೆಯಲೆಂದು ಅವನ ಕೈಗೆ ಒಂದನ್ನು ಎತ್ತಿಕೊಡುವಾಗ ನೋಡಿದೆ. ಎಣ್ಣೆಯ ಪದರ ತೂತು ತೂತಾಗಿತ್ತು. ಅಂಚಿನಲ್ಲಿ ಸಣ್ಣ ಹನಿಗಳಾಗಿ ಒಡೆದು ಬೀಳುತ್ತಿತ್ತು. ಒಂದು ಹನಿ ತೆಗೆದು ಮೈಕ್ರೋಸ್ಕೋಪಿಗೆ ಹಿಡಿದೆ. ಕಣ್ಣಿನ ತುಂಬ ಓಡಾಟ.

ಎಲ್ಲವೂ ಸತ್ತಿರಲಿಲ್ಲ. ಗಾಳಿ ಸಾಲದೆ ಹೆಚ್ಚಿನವು ಸತ್ತಿರಬೇಕು. ಉಳಿದ ಗಟ್ಟಿ ಜೀವಗಳು ಮೇಲೆ ಬಂದು, ಎಣ್ಣೆಯೂ ಗಾಳಿಯೂ ಸೇರುವ ಅಂಚಿನಲ್ಲಿ ನೆಲೆ ಹಿಡಿದು, ಯಾರೂ ಕುಲುಕಿಸದೆ, ಯಾರೂ ನೋಡದೆ, ನಿಧಾನವಾಗಿ ತಿನ್ನುತ್ತಾ ಇದ್ದವು. ಪ್ರೊಫೆಸರರು ಕುಣಿದಾಡುವುದೊಂದು ಬಾಕಿ. ಬಂದರಿನೊಳಗಿನ ನೀರು ನಿಂತ ನೀರು, ಅಲ್ಲಿಗೆ ಬೇಕಾದದ್ದು ಇಂಥದ್ದೇ ಎಂದರು. ನನ್ನ ಪ್ರಬಂಧದ ದಿಕ್ಕೇ ಬದಲಾಯಿತು. ಕುಲುಕದ ನೀರಿನಲ್ಲಿ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಎಂಬುದೇ ವಿಷಯವಾಯಿತು. ಯಂತ್ರ ನಿಲ್ಲಿಸಿದ್ದನ್ನು "ಮೂರು ದಿನ ಸ್ಥಿರ ಸ್ಥಿತಿಯಲ್ಲಿ ಇಡಲಾಯಿತು" ಎಂದು ಇಂಗ್ಲಿಷಿನಲ್ಲಿ ಬರೆದೆ. ನಾವೇ ಯೋಚಿಸಿ ಮಾಡಿದ ಹಾಗೆ ಕಾಣುತ್ತಿತ್ತು.

ಮಾಮಾರನ್ನು ವಾಪಸು ಕರೆಸಬೇಕು ಎಂದು ನನಗೆ ಅನ್ನಿಸಲಿಲ್ಲವೇ? ಅನ್ನಿಸಿತು. ಎರಡು ಸಲ ಪ್ರೊಫೆಸರರ ಕೋಣೆಯ ಬಾಗಿಲವರೆಗೆ ಹೋದೆ. ಕರೆಸಿ ಎನ್ನಬೇಕಾದರೆ ಅವತ್ತು ಸುಳ್ಳು ಹೇಳಿದೆ ಎಂದೂ ಹೇಳಬೇಕಾಗುತ್ತಿತ್ತು. ಎರಡು ಸಲವೂ ಹಾಗೇ ತಿರುಗಿ ಬಂದೆ. ಆ ಜಾಗಕ್ಕೆ ಬೇರೆಯವರು ಬಂದಾಗಿದೆ, ಮಾಮಾ ಎಲ್ಲಿದ್ದಾರೋ ಏನೋ ಎಂದು ನನಗೆ ನಾನೇ ಹೇಳಿಕೊಂಡೆ. ಮೂರನೇ ಖೋಲಿಗೆ ಹೊಸಬನ ಸಂಸಾರ ಬಂತು. ಪ್ರಬಂಧದ ಮೊದಲ ಪುಟದಲ್ಲಿ ಪ್ರೊಫೆಸರರಿಗೆ, ಯಜಮಾನರಿಗೆ, ಟೈಪು ಮಾಡಿದವನಿಗೂ ಕೃತಜ್ಞತೆ ಹೇಳಿದೆ. ಮಾಮಾರ ಬಗ್ಗೆ ಒಂದು ಸಾಲು ಬರೆದು ಹೊಡೆದುಹಾಕಿದೆ.

ಸಮುದ್ರ ಶುದ್ಧವಾಯಿತೇ ಎಂದು ಮಗಳು ದೊಡ್ಡವಳಾದ ಮೇಲೆ ಕೇಳಿದ್ದುಂಟು. ಇಲ್ಲ. ಸಮುದ್ರದ ನೀರು ಒಳನುಗ್ಗುವ ಒಂದು ಖಾಡಿಯ ಮೂಲೆಯಲ್ಲಿ ಬಿದಿರಿನ ತಡೆ ಕಟ್ಟಿ, ಡ್ರಮ್ಮುಗಟ್ಟಲೆ ಬ್ಯಾಕ್ಟೀರಿಯಾ ಸುರಿದು ನೋಡಿದೆವು. ಮೊದಲನೇ ದೊಡ್ಡ ಉಬ್ಬರಕ್ಕೆ ತಡೆಯೂ ಹೋಯಿತು, ಬ್ಯಾಕ್ಟೀರಿಯಾವೂ ಹೋಯಿತು, ಎಣ್ಣೆ ಮಾತ್ರ ಬಂದು ಮತ್ತೆ ಅದೇ ದಡಕ್ಕೆ ಕೂತಿತು. ಬಂದರಿನವರ ಉತ್ಸಾಹ ಇಳಿಯಿತು. ಫ್ಲಾಸ್ಕಿನಲ್ಲಿ ಆದದ್ದೆಲ್ಲ ಸಮುದ್ರದಲ್ಲಿ ಆಗುವುದಿಲ್ಲ ಎಂದು ತಿಳಿಯಲು ನಮಗೆ ಐದು ವರ್ಷ ಬೇಕಾಯಿತು. ನನಗೆ ಡಿಗ್ರಿ ಸಿಕ್ಕಿತು. ಸಂಜೆ ಲೋಕಲ್ಲಿನಲ್ಲಿ ನಿಂತು ನಿದ್ದೆ ಮಾಡುವುದೇನೂ ತಪ್ಪಲಿಲ್ಲ.

ಡಿಗ್ರಿ ಬಂದ ವರ್ಷವೇ ಇರಬೇಕು, ಬೆಂಗಳೂರಿನಿಂದ ಬಂದ ನಮ್ಮ ಚಿಕ್ಕಪ್ಪ ಗ್ರಾಂಟ್ ರೋಡಿನ ಒಂದು ಲಾಡ್ಜಿನಲ್ಲಿ ಇಳಿದಿದ್ದರು. ಮಧ್ಯಾಹ್ನ ಅವರನ್ನು ಊಟಕ್ಕೆ ಕರೆದೊಯ್ಯಲು ಹೋದೆ. ಲಿಫ್ಟಿನ ಬಾಗಿಲು ಎಳೆದು ತೆರೆದವರು ಮಾಮಾ. ಖಾಕಿ ಅಂಗಿ, ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಅಕ್ಕಾರ! ಆರಾಮ ಅದೀರೇನ್ರಿ?" ಎಂದರು. ಮುಖದಲ್ಲಿ ಒಂದಿಷ್ಟೂ ಕಹಿಯಿರಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು. ಮಗಳು ಎಷ್ಟನೇ ಕ್ಲಾಸು ಎಂದು ವಿಚಾರಿಸಿದರು. ನಾನು ಅವರ ಮಗಳ ಬಗ್ಗೆ ಕೇಳಿದೆ. ಊರಲ್ಲೇ ಮದುವೆ ಮಾಡಿಕೊಟ್ಟೆ ಎಂದರು. ಹೆಂಡತಿ? "ಆಕೀ ಇಲ್ಲಿಗಿ ಬರಲೇ ಇಲ್ರಿ" ಎಂದು ಲಿಫ್ಟಿನ ಹಿಡಿಯನ್ನು ಸುಮ್ಮನೆ ಒರೆಸಿದರು.

ಆಮೇಲೆ ದನಿ ತಗ್ಗಿಸಿ ಹೇಳಿದರು: "ಅವತ್ತಿನಿಂದ ಖಂಡೇ ಪೂಜಿ ಬಿಟ್ಟೀನ್ರಿ. ಕೈ ಏಳೂದಿಲ್ಲ. ಎಷ್ಟು ಜೀವ ಹೋದ್ವೋ ನನ್ನ ಕೈಯಾಗ, ಅದೂ ಹಬ್ಬದ ದಿನ."

ಇದೊಂದು ಭಾರವನ್ನು ಇವರು ಹೊತ್ತುಕೊಂಡು ತಿರುಗುತ್ತಿದ್ದಾರೆಂದು ನಾನು ಯೋಚಿಸಿಯೇ ಇರಲಿಲ್ಲ. "ಸತ್ತಿರಲಿಲ್ಲ ಮಾಮಾ" ಎಂದೆ. "ಎಲ್ಲ ಸತ್ತಿರಲಿಲ್ಲ. ಉಳಿದವು ಚೇತರಿಸಿಕೊಂಡವು. ಎಣ್ಣೆ ತಿಂದವು. ಅವುಗಳಿಂದಲೇ ನನಗೆ ಡಿಗ್ರಿ ಬಂತು."

ಅವರು ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿಕೊಂಡರು. ಕಣ್ಣಲ್ಲಿ ನೀರು ಬಂತು. ಅಂಗಿಯ ತೋಳಿನಿಂದ ಒರೆಸಿಕೊಂಡು ಕೇಳಿದರು: "ಇದು ಯಾವಾಗ ಗೊತ್ತಾತ್ರಿ ನಿಮಗ?"

"ನೀವು ಹೋದ ಮೂರು ವಾರಕ್ಕೆ."

"ಹಂಗಾದ್ರ ನನ್ನ ಯಾಕ ಕರೀಲಿಲ್ರಿ?"

ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ನಿಜವಾಗಿ ತಿಳಿಯಲೆಂದು ಕೇಳುವವರ ಹಾಗೆ ಕೇಳಿದರು. "ಕರೆಸಬೇಕಾದರೆ ನಾನೇ ನಿಲ್ಲಿಸಲು ಹೇಳಿದ್ದು ಅಂತ ಹೇಳಬೇಕಾಗಿತ್ತು. ನನಗೆ ಧೈರ್ಯ ಬರಲಿಲ್ಲ ಮಾಮಾ. ತಪ್ಪು ನನ್ನದು" ಎಂದೆ. ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು, ಹೇಳಿದರೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

ಮೇಲಿನಿಂದ ಯಾರೋ ಲಿಫ್ಟಿನ ಗಂಟೆ ಒತ್ತುತ್ತಿದ್ದರು. ಮಾಮಾ ಬಾಗಿಲು ಎಳೆಯುತ್ತಾ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: "ಅವತ್ತ ನಾ ಲಗೂನ ಹೋಗಿರಲಿಲ್ರಿ ಅಕ್ಕಾರ. ಸಂಜೀ ಐದರ ತನಕ ಕೆಳಗ ಮುಂದಿನ ಮೆಟ್ಟಲ ಹತ್ತರ ನಿಂತಿದ್ನಿ. ಸಾಹೇಬ್ರ ಮುಂದ ಹೆದರಿ ಅಂದಿರ್ತಾರ, ಆಮ್ಯಾಲ ಹೇಳ್ತಾರ, ಇಳಿದು ಬಂದು ನನ್ನ ಕರೀತಾರ ಅಂತ."

ನನ್ನನ್ನು ಕೆಳಗೇ ಬಿಟ್ಟು ಲಿಫ್ಟು ಮೇಲೆ ಹೋಯಿತು. ಆ ಸೋಮವಾರದ ಸಂಜೆ ನಾನು ಕಾಲೇಜಿನ ಹಿಂದುಗಡೆಯ ಮೆಟ್ಟಿಲಿನಿಂದ ಇಳಿದು ಹೋಗಿದ್ದೆ. ಅವರು ಮುಂದೆ ನಿಂತಿರುತ್ತಾರೆಂದು ನನಗೆ ಗೊತ್ತಿತ್ತು.